ಹನ್ನೆರಡು ಸೆಕೆಂಡಿನ ಕಣ್ಣು

ಬಂಗಾರಪೇಟೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ, ಬಂದವರ ಕಾಡಿಗೆ ಒರೆಸುವುದು. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಚೀಟಿ ಕೊಟ್ಟು ಹೆಸರು ಕೂಗುವುದು ಮೊದಲಿನಿಂದಲೂ ಇತ್ತು. ಯುಗಾದಿಗೆ ಸ್ವಲ್ಪ ಮುಂಚೆ ಹೊಸ ಯಂತ್ರ ಬಂದ ಮೇಲೆ ಇದೊಂದು ಸೇರಿಕೊಂಡಿತು. ರೆಪ್ಪೆಯಂಚಿನಲ್ಲಿ ಚೂರು ಕಪ್ಪು ಉಳಿದರೂ ಯಂತ್ರ ತಪ್ಪು ಹೇಳುತ್ತದಂತೆ. ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಬೇಕು. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಎಳೆತ. ಎರಡನೇ ಸಲಕ್ಕೆ ಹೊಸ ಹತ್ತಿ. ಹೆಂಗಸರು ನಾಚಿಕೊಳ್ಳುತ್ತಾರೆ. ಕಾಡಿಗೆ ಹೋದ ಮುಖವನ್ನು ಕನ್ನಡಿಯಲ್ಲಿ ನೋಡಿ, "ಜ್ವರ ಬಂದೋಳ ತರ ಕಾಣ್ತೀನಲ್ಲಕ್ಕಾ" ಅನ್ನುತ್ತಾರೆ.

ಯಂತ್ರ ನೋಡುವುದಕ್ಕೆ ಅಂಥದ್ದೇನಲ್ಲ. ಗಲ್ಲ ಇಡಲು ಒಂದು ತೊಟ್ಟಿಲಿನಂಥ ಜಾಗ, ಹಣೆ ಒತ್ತಲು ಒಂದು ಪಟ್ಟಿ, ಎದುರಿಗೆ ಒಳಮೈಯೆಲ್ಲ ಕಪ್ಪು ಬಿಳಿ ಉಂಗುರಗಳಿರುವ ಒಂದು ಬೋಗುಣಿ. ದೀಪ ಹತ್ತಿದರೆ ಆ ಉಂಗುರಗಳು ಕಣ್ಣಿನ ಮೇಲೆ ಬೀಳುತ್ತವೆ. ಪಕ್ಕದ ಪರದೆಯಲ್ಲಿ ಕಣ್ಣು ನೀರಿನ ಕುಂಟೆಯಷ್ಟು ದೊಡ್ಡದಾಗಿ, ಒಳಗೆ ಕಲ್ಲು ಬಿದ್ದ ಹಾಗೆ ಅಲೆಗಳನ್ನು ಇಟ್ಟುಕೊಂಡು ಕಾಣುತ್ತದೆ.

ಅದನ್ನು ನಡೆಸುವವರು ನವ್ಯ ಮೇಡಂ. ಕೋಲಾರದವರು, ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕಣ್ಣಿನ ಪರೀಕ್ಷೆ ಓದಿಕೊಂಡವರು. ದೊಡ್ಡ ಡಾಕ್ಟರು ವಾರಕ್ಕೆ ಮೂರು ದಿನ ಬರುತ್ತಾರೆ. ಮಿಕ್ಕಂತೆ ಎಲ್ಲ ಇವರೇ. ಯಂತ್ರ ಬಿಚ್ಚಿದ ದಿನ ನನ್ನನ್ನೇ ಕೂರಿಸಿದರು.

"ಶಶಿಯಕ್ಕ, ಒಂದು ಸಲ ಕಣ್ಣು ಮಿಟುಕಿಸಿ. ಹಾಂ. ಇನ್ನು ಮಿಟುಕಿಸಬೇಡಿ. ತಡೆಯೋಷ್ಟು ತಡೀರಿ."

ತಡೆದೆ. ಕಣ್ಣಿನ ಮುಂದೆ ಗಾಳಿ ಹರಿದಾಡಿದಂತಾಯಿತು. ಆಮೇಲೆ ಪರದೆಯ ಮೇಲಿನ ಚಿತ್ರವನ್ನು ನನಗೆ ಮತ್ತೆ ಓಡಿಸಿ ತೋರಿಸಿದರು. ಉಂಗುರಗಳು ಒಂದಿಷ್ಟು ಹೊತ್ತು ನೆಟ್ಟಗೆ ನಿಂತಿದ್ದವು. ಆಮೇಲೆ ಕೆಳಗಡೆ ಒಂದು ಕಡೆ, ಯಾರೋ ರಂಗೋಲಿ ತುಳಿದ ಹಾಗೆ, ಎರಡು ಉಂಗುರಗಳು ಕದಡಿ ಮುರಿದವು.

"ಕಣ್ಣೀರು ಅಂದ್ರೆ ಅಳೋದಷ್ಟೇ ಅಲ್ಲಕ್ಕ. ಯಾವಾಗಲೂ ಕಣ್ಣಿನ ಮೇಲೆ ಒಂದು ಪೊರೆ ನಿಂತಿರುತ್ತೆ. ಒಳಗೆ ಲೋಳೆ, ನಡುವೆ ನೀರು, ಮೇಲೆ ಚೂರೇ ಚೂರು ಎಣ್ಣೆ. ಬಸ್‌ಸ್ಟ್ಯಾಂಡಲ್ಲಿ ಮಳೆನೀರಿನ ಮೇಲೆ ಡೀಸೆಲ್ ಬಿದ್ದರೆ ಬಣ್ಣ ಬರುತ್ತಲ್ಲ, ಹಾಗೆ. ಅದು ಒಡೆಯೋ ಜಾಗದಲ್ಲಿ ಉಂಗುರ ಒಡೆಯುತ್ತೆ. ನಿಮ್ಮದು ಹನ್ನೆರಡು ಸೆಕೆಂಡು ನಿಂತಿತು. ಒಳ್ಳೇ ಕಣ್ಣು. ಪ್ರತಿ ಸೋಮವಾರ ಮೊದಲು ನಿಮ್ಮದನ್ನೇ ನೋಡ್ತೀನಿ. ಹನ್ನೆರಡು ಬಂದರೆ ಯಂತ್ರ ಸರಿಯಾಗಿದೆ ಅಂತ ಅರ್ಥ."

ಹೀಗೆ ನನ್ನ ಕಣ್ಣು ಕ್ಲಿನಿಕ್ಕಿನ ಅಳತೆಗೋಲಾಯಿತು. ಮನೆಗೆ ಬಂದು ಹೇಳಿದರೆ ನನ್ನ ಯಜಮಾನರು ನಾಗೇಶ್ ನಕ್ಕುಬಿಟ್ಟರು. "ನಮ್ಮನೇಲಿ ಅಳತೆ ಮಾಡೋ ಕಣ್ಣು ನಿಂದೇ ಅಂತ ನಂಗ್ ಮೊದ್ಲೇ ಗೊತ್ತಿತ್ತು ಕಣೇ."

ನಮ್ಮೂರು ಉರಿಗಾಂ ಸ್ಟೇಷನ್ನಿಗೆ ನಡೆದರೆ ಅರ್ಧ ಗಂಟೆ. ಊರಿನ ಬೆನ್ನಿಗೆ ಸೈನೈಡ್ ದಿಬ್ಬ. ಗಣಿಯಿಂದ ಚಿನ್ನ ತೆಗೆದುಕೊಂಡು ಮಿಕ್ಕ ಪುಡಿಯನ್ನೆಲ್ಲ ನೂರು ವರ್ಷ ಸುರಿದು ಆದ ಗುಡ್ಡ. ಗಣಿ ಮುಚ್ಚಿದಾಗ ನಾನು ಇನ್ನೂ ಹುಡುಗಿ. ದಿಬ್ಬ ಮಾತ್ರ ಅಲ್ಲೇ ಇದೆ. ಆಷಾಢದ ಗಾಳಿಗೆ ಅದರ ಬಿಳಿ ಪುಡಿ ಎದ್ದು ಊರಿನ ಮೇಲೆ ಬರುತ್ತದೆ. ಒಣಗಲು ಹಾಕಿದ ಬಟ್ಟೆಯನ್ನು ಕೊಡವಿ ಮಡಿಸುವುದು, ಹಾಲಿನ ಕ್ಯಾನಿಗೆ ಎರಡು ಪದರ ಬಟ್ಟೆ ಕಟ್ಟುವುದು, ಇವೆಲ್ಲ ನಮಗೆ ಯಾರೂ ಹೇಳಿಕೊಡದೆ ಬರುವ ಕೆಲಸಗಳು.

ಅತ್ತೆ ಮುನಿನಾರಾಯಣಮ್ಮನವರ ಕಾಡಿಗೆ ಎಂದರೆ ಸುತ್ತಲ ನಾಲ್ಕು ಬೀದಿಗೆ ಹೆಸರು. ನಂದಿಬಟ್ಟಲ ಹೂವಿನ ರಸದಲ್ಲಿ ಬತ್ತಿ ನೆನೆಸಿ, ನೆರಳಲ್ಲಿ ಒಣಗಿಸಿ, ಹರಳೆಣ್ಣೆ ದೀಪ ಹಚ್ಚುತ್ತಾರೆ. ಎರಡು ಇಟ್ಟಿಗೆಯ ಮೇಲೆ ಒಂದು ಹಿತ್ತಾಳೆ ತಟ್ಟೆಯನ್ನು ಬೋರಲು ಹಾಕುತ್ತಾರೆ. ಅದು ಅವರ ತವರಿನದು. ಒಳಮೈಯಲ್ಲಿ ಗರಿಬಿಚ್ಚಿದ ನವಿಲಿನ ಚಿತ್ರ ಕೊರೆದಿದೆ. ಮಸಿ ಕಟ್ಟಿದ ಮೇಲೆ ತೆಂಗಿನ ಚಿಪ್ಪಿನ ಅಂಚಿನಿಂದ ಕೆರೆದು, ಎಣ್ಣೆಯಲ್ಲಿ ಕಲಸಿ, ಸಣ್ಣ ಡಬ್ಬಿಗಳಿಗೆ ತುಂಬುತ್ತಾರೆ. ಬೀದಿಯಲ್ಲಿ ಮಗು ಹುಟ್ಟಿದರೆ ಹನ್ನೊಂದನೇ ದಿನದ ನೀರು ಹಾಕಿದ ಮೇಲೆ ಮೊದಲ ಕಾಡಿಗೆ ಅತ್ತೆಯ ಕೈಯಿಂದಲೇ ಆಗಬೇಕು. ನಲವತ್ತು ವರ್ಷದಿಂದ ಹಾಗೇ.

ಅವರಿಗೀಗ ಕಣ್ಣು ಮಬ್ಬು. ದೀಪ ಹಚ್ಚುವುದು, ಕೆರೆಯುವುದು ಅವರದು. ತಟ್ಟೆ ತೊಳೆಯುವುದು ನನ್ನದು.

ಮೊದಲು ಬೂದಿ, ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದೆವು. ಯುಗಾದಿಗೆ ಹೊಸ ಮನೆ ಕಟ್ಟಿ ಒಳಗೆ ಬಂದೆವು. ಗ್ಯಾಸ್ ಬಂತು. ಸ್ನಾನಕ್ಕೆ ನೀರು ಕಾಯಿಸಲು ಕರೆಂಟಿನ ಕಡ್ಡಿ ಬಂತು. ಒಲೆಗಳೆರಡೂ ಹೋದವು, ಒಲೆಯ ಜೊತೆ ಬೂದಿಯೂ ಹೋಯಿತು. ಪೂಜೆಯ ಹಿತ್ತಾಳೆ ಸಾಮಾನೆಲ್ಲ ಕಪ್ಪಿಟ್ಟುಕೊಂಡು ಕೂತಿದ್ದವು. ರೈಲಿನಲ್ಲಿ ನನ್ನ ಜೊತೆ ಬರುವ ಉರಿಗಾಂ ಗಣಿ ಲೈನಿನ ತಮಿಳಿನ ಮಾರಿಯಮ್ಮನ ಹತ್ತಿರ ಇದನ್ನು ಹೇಳಿಕೊಂಡೆ.

"ಎನ್ನಮ್ಮಾ ನೀನು! ಗುಡ್ಡದ ಪಕ್ಕ ಮನೆ ಇಟ್ಕೊಂಡು ಪೌಡರ್ ಇಲ್ಲ ಅಂತೀಯಾ?" ಎಂದು ಅವಳು ಇಡೀ ಬೋಗಿಗೆ ಕೇಳುವ ಹಾಗೆ ನಕ್ಕಳು. "ದಿಬ್ಬದ ಬುಡದಲ್ಲಿ ಮಾವು ಮಾದಿರಿ, ಹಿಟ್ಟಿನಂಗೆ ನೈಸಾಗಿರ್ತದೆ. ಒಂದ್ ಡಬ್ಬ ಎತ್ಕೊಂಡ್ ಬಾ. ನಮ್ ಲೈನಲ್ಲಿ ಕುತ್ತುವಿಳಕ್ಕು, ದೀಪದ ಕಂಬ ಎಲ್ಲಾ ಉಜ್ಜೋದು ಅದ್ರಲ್ಲೇ. ತಂಗಂ ಮಾದಿರಿ, ಚಿನ್ನದಂಗೆ ಹೊಳೀತದೆ."

ಒಂದು ಡಬ್ಬ ಪುಡಿ ತಂದೆ. ನಿಜಕ್ಕೂ ಹಿಟ್ಟಿನಷ್ಟು ನಯ. ನವಿಲು ತಟ್ಟೆಯನ್ನು ಅದರಲ್ಲಿ ಉಜ್ಜಿದರೆ ಬಿಸಿಲಿಗೆ ಹಿಡಿಯುವುದಕ್ಕಾಗದಷ್ಟು ಹೊಳೆಯಿತು. ನಮ್ಮಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಅರ್ಧ ಚೊಂಬಿನಲ್ಲಿ ತೊಳೆದು ಸೆರಗಿನಲ್ಲಿ ಒರೆಸಿ ಕೊಟ್ಟೆ.

"ಲೇ ಶಶೀ, ನವಿಲು ಕಾಣ್ತೈತಾ?"

"ಕಾಣ್ತೈತೆ ಅತ್ತೆ. ಕುಣೀತೈತೆ."

"ಕುಣೀಲಿ, ಕುಣೀಲಿ. ಗ್ಯಾಸ್ ಬಂದ್ಮೇಲೆ ನಿಂಗೂ ಸೋಮಾರಿತನ ಬತ್ತೈತೆ ಅಂದ್ಕೊಂಡಿದ್ದೆ. ಪರವಾಗಿಲ್ಲ."

ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ. ನನಗೆ ಆ ದಿನವೆಲ್ಲ ಹಿಗ್ಗು.

ನನ್ನ ಮಗಳು ಲಿಖಿತಳಿಗೆ ಆರು ವರ್ಷ. ಬೆಳಿಗ್ಗೆ ಜಡೆ ಹಾಕಿದ ಮೇಲೆ ತಾನೇ ನನ್ನ ತೊಡೆಯ ಮೇಲೆ ಬಂದು ಕೂತು, ಮುಖ ಮೇಲೆತ್ತಿ, ಉಸಿರು ಬಿಗಿ ಹಿಡಿಯುತ್ತಾಳೆ. ಉಂಗುರಬೆರಳಿಗೆ ಕಾಡಿಗೆ ತೆಗೆದುಕೊಂಡು ಅವಳ ಕೆಳರೆಪ್ಪೆಯ ಒಳಗೆ ಎಳೆಯುತ್ತೇನೆ. ಬೆರಳಲ್ಲಿ ಉಳಿದದ್ದು ನನ್ನ ಕಣ್ಣಿಗೆ. ಅದಕ್ಕೂ ಮಿಕ್ಕಿದ್ದು ಅವಳ ಕಿವಿಯ ಹಿಂದೆ, ದೃಷ್ಟಿಗೆ. ದಿನದ ಅವಸರದಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಆ ಒಂದು ನಿಮಿಷ ಮಾತ್ರ.

ಏಪ್ರಿಲ್ ಕೊನೆಯ ಸೋಮವಾರ ನನ್ನ ಕಣ್ಣು ಹತ್ತು ಸೆಕೆಂಡು ನಿಂತಿತು. ಮೇಡಂ ಗಾಜು ಒರೆಸಿ ಮತ್ತೆ ನೋಡಿದರು. ಮತ್ತೆ ಹತ್ತೇ. ಅದನ್ನು ಡೈರಿಯಲ್ಲಿ ಬರೆದುಕೊಂಡರು. ಮೇ ತಿಂಗಳಲ್ಲಿ ಎಂಟಾಯಿತು. "ಫೋನ್ ಜಾಸ್ತಿ ನೋಡ್ತೀರೇನಕ್ಕ? ಇಲ್ಲಾ ನಾಗೇಶಣ್ಣ ಅಳಿಸ್ತಾರಾ?" ಎಂದು ತಮಾಷೆ ಮಾಡಿದರು. ಜೂನ್ ಎರಡನೇ ವಾರ ಆರು. ಆಗ ತಮಾಷೆ ಮಾಡಲಿಲ್ಲ. ತಮ್ಮ ಕಣ್ಣನ್ನೇ ಯಂತ್ರಕ್ಕೆ ಕೊಟ್ಟು ನನ್ನ ಕೈಲಿ ಗುಂಡಿ ಒತ್ತಿಸಿದರು. ಅವರದು ಹದಿಮೂರು. ಯಂತ್ರ ಸರಿಯಾಗಿತ್ತು.

"ರೈಲಲ್ಲಿ ಕಿಟಕಿ ಪಕ್ಕ ಕೂರಬೇಡಿ. ನಿಮ್ಮೂರ ಧೂಳು ಬೇರೆ" ಎಂದು ಒಂದು ಹನಿಯೌಷಧಿ ಕೊಟ್ಟರು.

ಅದೇ ವಾರ ಒಬ್ಬಾಕೆ ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೂಸು ಕೆಂಪಾಗಿ ಕಿರುಚುತ್ತಿತ್ತು. "ಅತ್ರೂ ಒಂದ್ ತೊಟ್ಟು ನೀರು ಬರಲ್ಲ ಮೇಡಂ, ಕಣ್ಣೇನಾದ್ರೂ ಬತ್ತೋಗೈತಾ?" ಎಂದು ಕೇಳಿದಳು. ಮೇಡಂ ಅವಳಿಗೆ ಧೈರ್ಯ ಹೇಳಿದರು. ಹಸುಗೂಸಿನ ಕಣ್ಣಲ್ಲಿ ಪಸೆ ಇರುತ್ತದೆ ಅಷ್ಟೇ, ಕೆನ್ನೆಗೆ ಹರಿಯುವಷ್ಟು ನೀರು ಬರಲು ಇನ್ನೂ ಕೆಲವು ವಾರ ಬೇಕು, ಎಲ್ಲ ಮಕ್ಕಳಿಗೂ ಹಾಗೇ ಎಂದರು. ಆ ತಾಯಿ ನಗುತ್ತಾ ಹೋದಳು. ನನಗೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನನ್ನ ಮಗಳೂ ಹಾಗೇ ಒಣಗಣ್ಣಲ್ಲಿ ಅತ್ತಿದ್ದು ನೆನಪಾಯಿತು.

ಆಷಾಢದ ಗಾಳಿ ಶುರುವಾಯಿತು. ಲಿಖಿತ ಕಣ್ಣು ಉಜ್ಜತೊಡಗಿದಳು.

"ಅಮ್ಮಾ, ಕಣ್ಣೊಳಗ್ ಯಾರೋ ಕುಂತವ್ರೆ."

"ಯಾರ್ ಕುಂತವ್ರೆ ಬಂಗಾರಿ?"

"ಗೊತ್ತಿಲ್ಲ. ಗೀರ್ತವ್ರೆ."

ನಾನು ದಿಬ್ಬದ ಕಡೆಯ ಕಿಟಕಿ ಮುಚ್ಚಿದೆ. ಸ್ಕೂಲಿಗೆ ಹೋಗುವಾಗ ತಲೆಗೆ ದುಪಟ್ಟಾ ಸುತ್ತಿ ಕಳಿಸಿದೆ. ಅತ್ತೆ, "ಗಾಳಿಗೆ ಕಣ್ಣು ಕಾದೈತೆ. ತಂಪಿಗೆ ಕಾಡಿಗೆ ದಪ್ಪಗ್ ಅಚ್ಚು. ಸಾಯಂಕಾಲಾನೂ ಒಂದ್ ಸಲ ಅಚ್ಚು" ಎಂದರು. ಎರಡು ಹೊತ್ತೂ ಹಚ್ಚಿದೆ. ಹಚ್ಚುವಾಗ ಅವಳು ಮುಖ ಆಚೆ ತಿರುಗಿಸಿದರೆ ಗಲ್ಲ ಹಿಡಿದು, ಮುದ್ದು ಮಾಡಿ, ಹಾಡು ಹೇಳಿ ಹಚ್ಚಿದೆ. ಅವಳು ಮುಖ ತಿರುಗಿಸಿದ್ದು ಅದೇ ಮೊದಲು. ನಾನು ಅದನ್ನು ಗಮನಿಸಿದೆ, ಆದರೆ ಹಟ ಎಂದುಕೊಂಡೆ.

ಒಂದು ಗುರುವಾರ ಬೆಳಿಗ್ಗೆ ಅವಳು ಕಣ್ಣು ತೆರೆಯಲಿಲ್ಲ. ರೆಪ್ಪೆ ಊದಿತ್ತು. ಬಾಗಿಲು ತೆಗೆದರೆ ಬೆಳಕಿಗೆ ಚೀರಿ ನನ್ನ ಹೊಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಆಗಲೂ ನಾನು, ಕ್ಲಿನಿಕ್ಕಿಗೆ ಹೋಗುವ ಮಗು ಬೋಳುಗಣ್ಣಲ್ಲಿ ಇರಬಾರದೆಂದು, ಮೆಲ್ಲಗೆ ಒಂದು ಗೆರೆ ಎಳೆದೆ. ಮಡಿಲಲ್ಲೇ ಕೂರಿಸಿಕೊಂಡು ರೈಲಿನಲ್ಲಿ ಕರೆದುಕೊಂಡು ಹೋದೆ.

ಕ್ಲಿನಿಕ್ಕಿನಲ್ಲಿ ಅವಳ ಕಾಡಿಗೆಯನ್ನು ನಾನೇ ಒರೆಸಿದೆ. ಹತ್ತಿಯನ್ನು ತಟ್ಟೆಯಲ್ಲಿಟ್ಟೆ. ನವ್ಯ ಮೇಡಂ ಒಂದು ಹನಿ ಔಷಧಿ ಬಿಟ್ಟು ಉರಿ ತಗ್ಗಿದ ಮೇಲೆ ಸಮಾಧಾನ ಮಾಡಿ ಯಂತ್ರದ ಮುಂದೆ ಕೂರಿಸಿದರು.

"ಲಿಖೀ, ಒಳಗೆ ಉಂಗುರ ಕಾಣುತ್ತಾ? ಎಷ್ಟಿದೆ ಎಣಿಸು ನೋಡೋಣ."

"ಒಂದು…"

ಅಷ್ಟೇ. ಎರಡು ಎನ್ನುವ ಮೊದಲೇ ಪರದೆಯ ಮೇಲೆ ಉಂಗುರಗಳು ಮುರಿದವು. ಒಂದು ಕಡೆಯಲ್ಲ, ಎಲ್ಲ ಕಡೆ. ಒಡೆದ ಬಳೆಯ ಚೂರು ಹರಡಿದ ಹಾಗಿತ್ತು. ಮೇಡಂ ಅವಳನ್ನು ಇನ್ನೊಂದು ಯಂತ್ರಕ್ಕೆ ಕರೆದುಕೊಂಡು ಹೋದರು. ಅದು ಹಳೆಯದು, ಸೀಳಿನಂಥ ಬೆಳಕು ಬಿಟ್ಟು ಕಣ್ಣನ್ನು ಹತ್ತಾರು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಹಳದಿ ಬಣ್ಣದ ಕಾಗದದ ತುದಿಯನ್ನು ರೆಪ್ಪೆಗೆ ಮುಟ್ಟಿಸಿ ನೀಲಿ ದೀಪ ಹಾಕಿದರು. ಗಾಯವಿದ್ದ ಕಡೆ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ.

"ಬನ್ನಿ ಶಶಿಯಕ್ಕ" ಎಂದು ನನಗೂ ಇಣುಕಲು ಜಾಗ ಬಿಟ್ಟರು.

ನನ್ನ ಮಗಳ ಕರಿಗುಡ್ಡೆಯ ಮೇಲೆ ಮೇಲಿಂದ ಕೆಳಗೆ ಹಸಿರು ಗೀರುಗಳು. ಬೆಕ್ಕು ಬಾಗಿಲು ಪರಚಿದ ಹಾಗೆ, ಒಂದರ ಪಕ್ಕ ಒಂದು. ಅವಳು ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಒಂದೊಂದು ಗೀರು ಬಿದ್ದಿತ್ತು.

ಮೇಡಂ ಮೇಲಿನ ರೆಪ್ಪೆಯನ್ನು ಕಡ್ಡಿಯ ಮೇಲೆ ಮಡಿಸಿ ಒಳಗಿನದನ್ನು ತೊಳೆದು ತೆಗೆದರು. ಆಮೇಲೆ ನಾನು ತಟ್ಟೆಯಲ್ಲಿಟ್ಟಿದ್ದ ಹತ್ತಿಯನ್ನು ಚಿಮಟದಲ್ಲಿ ಎತ್ತಿ ಅದೇ ಬೆಳಕಿನ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇದರಲ್ಲಿ ಏನೋ ಇದೆ ಅಕ್ಕ. ಗಾಜಿನ ಪುಡಿ ತರ. ಗಾಳಿಯಲ್ಲಿ ಬಂದದ್ದಲ್ಲ, ಕಾಡಿಗೆ ಒಳಗೇ ಇದೆ."

ನಾನೂ ಇಣುಕಿದೆ. ಕಪ್ಪಿನ ನಡುವೆ ಬಿಳಿ ಚುಕ್ಕೆಗಳು, ಚೂಪು ಚೂಪಾಗಿ, ಹೊಳೆಯುತ್ತಿದ್ದವು. ಆ ಹೊಳಪನ್ನು ನಾನು ನೋಡಿದ್ದೆ. ಬಿಸಿಲಿಗೆ ಹಿಡಿದ ತಟ್ಟೆ, ಗರಿಯ ಗೆರೆಗಳಲ್ಲಿ ಕೂತ ಬಿಳುಪು. ಆ ದಿನ ಅದನ್ನು ಹಿತ್ತಾಳೆಯ ಹೊಳಪು ಎಂದುಕೊಂಡಿದ್ದೆ.

"ಎಲ್ಲಿಂದ ತಂದಿದ್ದು ಈ ಕಾಡಿಗೆ?"

"ಅಂಗಡೀದು ಮೇಡಂ."

ಬಾಯಿಂದ ಬಂದುಬಿಟ್ಟಿತು. ಅತ್ತೆಯ ನಲವತ್ತು ವರ್ಷದ ಹೆಸರು ಕಣ್ಣ ಮುಂದೆ ಬಂದಿತ್ತೋ, ತಟ್ಟೆ ಉಜ್ಜಿದ ನನ್ನ ಕೈಯೇ ಬಂದಿತ್ತೋ. ಮೇಡಂ ಅಂಗಡಿಯ ಹೆಸರು ಕೇಳಿದರು. ಮರೆತಿದೆ ಎಂದೆ. ಅವರು ನನ್ನ ಮುಖ ನೋಡಿದರು. ಡೈರಿ ತೆಗೆದು ಸೋಮವಾರಗಳ ಪುಟ ತಿರುವಿ, ಹನ್ನೆರಡು, ಹತ್ತು, ಎಂಟು, ಆರು ಎಂದು ಬೆರಳಿಟ್ಟರು.

"ದಿನಕ್ಕೆ ಆರು ಸಲ ಈ ಹನಿ. ದೊಡ್ಡ ಡಾಕ್ಟರು ನಾಳೆ ನೋಡಲಿ. ಗೀರುಗಳು ಒಣಗಿದರೆ ಸರಿ. ನಡುವಿನದೊಂದು ಆಳವಾಗಿದೆ. ಅದು ಕಲೆ ಕಟ್ಟಿದರೆ ಅಲ್ಲಿಂದ ನೋಟ ಮಬ್ಬಾಗುತ್ತೆ. ಈಗಲೇ ಹೇಳೋಕಾಗಲ್ಲ. ಆ ಡಬ್ಬಿ ಇನ್ಯಾರ ಕಣ್ಣಿಗೂ ಹೋಗಬಾರದು. ಆಯ್ತಾ?"

ಆಯ್ತು ಎಂದೆ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೂತೆವು. ಲಿಖಿತಳ ಕಣ್ಣಿಗೆ ಹಸಿರು ಬಟ್ಟೆಯ ಮುಸುಕು. ರೈಲು ಹೊರಡುವ ಸೂಚನೆಯಿರಲಿಲ್ಲ. ಅವಳು ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು.

"ಅಮ್ಮಾ, ಇವತ್ ಪಾಪೂಗೆ ನೀರ್ ಉಯ್ತಾರಂತೆ ಅಲ್ವಾ?"

"ಯಾವ್ ಪಾಪು?"

"ಪುಷ್ಪಕ್ಕನ್ ಪಾಪು. ಅಜ್ಜಿ ಹೊಸಾ ಡಬ್ಬೀಲಿ ಕಾಡಿಗೆ ತುಂಬ್ಕೊಂಡವ್ಳೆ. ನಂಗೂ ಕರ್ಕೊಂಡ್ ಓಗ್ತೀನಿ ಅಂದಿದ್ಳು."

ಪುಷ್ಪ ನಮ್ಮ ಪಕ್ಕದ ಮನೆಯವಳು. ಅವಳ ಮಗುವಿಗೆ ಅವತ್ತು ಹನ್ನೊಂದನೇ ದಿನ. ಬೆಳಗಿನ ಗಾಬರಿಯಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ.

ಅತ್ತೆಗೆ ಫೋನ್ ಮಾಡಿದೆ. ಹೊಡೆದುಕೊಂಡಿತು. ಮನೆಯ ಗೂಡಿನಲ್ಲಿ ಕೂತು ಹೊಡೆದುಕೊಳ್ಳುತ್ತಿರುತ್ತದೆ ಎಂದು ಗೊತ್ತಿತ್ತು. ನಾಗೇಶ್ ಬೆಂಗಳೂರಿನಲ್ಲಿ ಪೇಂಟಿಂಗ್ ಕೆಲಸದ ಮೇಲೆ, ಸಾರ್ವೆಯ ಮೇಲೆ ನಿಂತಿರುತ್ತಾರೆ; ಅವರೂ ಎತ್ತಲಿಲ್ಲ. ಪುಷ್ಪಳ ಮನೆಯವರ ನಂಬರ್ ನನ್ನ ಬಳಿ ಇರಲಿಲ್ಲ, ಗೋಡೆಯಾಚೆಯವರಿಗೆ ನಂಬರ್ ಯಾಕೆ ಬೇಕು? ರೈಲು ಹೊರಟಿತು. ಮತ್ತೆ ನಿಂತಿತು. ಯಾರೋ ಕಡಲೆಕಾಯಿ ಮಾರುತ್ತಾ ಹೋದರು. ಹನ್ನೊಂದು ಗಂಟೆಗೆ ನೀರು, ಆಮೇಲೆ ಕಾಡಿಗೆ. ಗಡಿಯಾರ ಹನ್ನೆರಡೂ ಹತ್ತು. ದಿಬ್ಬ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಅದರ ತಲೆಯಿಂದ ಬಿಳಿ ಪುಡಿ ಹೊಗೆಯ ಹಾಗೆ ಏಳುತ್ತಾ ನಮ್ಮೂರ ಕಡೆಗೆ ವಾಲುತ್ತಿತ್ತು.

ಉರಿಗಾಂನಲ್ಲಿ ಇಳಿದು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಓಡಿದೆ.

ಪುಷ್ಪಳ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರು ಬೆಲ್ಲ ಕೊಬ್ಬರಿ ತಿನ್ನುತ್ತಾ ನಗುತ್ತಿದ್ದರು. ನಡುವೆ ಅತ್ತೆ, ಕಾಲು ಚಾಚಿ, ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡಿದ್ದರು. ಕೂಸಿನ ಎರಡೂ ಕಣ್ಣಿಗೆ ಕಪ್ಪು, ರೆಪ್ಪೆಯ ಹೊರಗೂ ಒಳಗೂ, ದಪ್ಪಗೆ. ಕೆನ್ನೆಗೆ ಬೊಟ್ಟು.

"ಬಾ ಬಾ, ಈಗ್ ಬತ್ತಾಳೆ ನನ್ ಸೊಸೆ" ಎಂದರು ಅತ್ತೆ. "ನೋಡ್ ಬಾ, ಎಂಗ್ ಕಾಣ್ತಾನೆ."

ಪುಷ್ಪಳ ಅತ್ತೆ ನರಸಮ್ಮ ಬಾಗಿಲಲ್ಲೇ ನಿಂತು, "ಕಣ್ಣಾಸ್ಪತ್ರೆ ಮೇಡಮ್ಮೋರು ಬಂದ್ರು. ಜಾಗ ಬಿಡ್ರಮ್ಮಾ!" ಎಂದು ಛೇಡಿಸಿದಳು.

ನಾನು ಮಗಳನ್ನು ಇಳಿಸಿ, ಚೀಲದಿಂದ ಕ್ಲಿನಿಕ್ಕಿನ ಹತ್ತಿಯ ಸುರುಳಿ ತೆಗೆದೆ. "ಪುಷ್ಪಾ, ಕಾಯಿಸಿ ಆರಿಸಿದ ನೀರು ಕೊಡು. ಬೇಗ." ಮಗುವನ್ನು ಅತ್ತೆಯ ಕಾಲಿನಿಂದ ಎತ್ತಿಕೊಂಡೆ.

"ಏಯ್, ಏನ್ ಮಾಡ್ತಿದ್ದೀಯ?"

"ಒರೆಸ್ತಿದ್ದೀನಿ ಅತ್ತೆ."

ಮೊದಲ ಕಾಡಿಗೆಯನ್ನು ಒರೆಸುವುದು ಎಂದರೆ ಮಗುವಿನ ಆಯುಸ್ಸನ್ನು ಒರೆಸಿದ ಹಾಗೆ ನಮ್ಮಲ್ಲಿ. ನರಸಮ್ಮ ನನ್ನ ತೋಳು ಹಿಡಿದು ಎಳೆದಳು. "ನಿಂಗೇನ್ ಬಂದೈತೆ? ಒಳ್ಳೇ ದಿನ, ಒಳ್ಳೇ ಗಳಿಗೆ! ಮುನಿನಾರಾಯಣಮ್ಮಾ, ನಿನ್ ಸೊಸೆಗ್ ಏನಾದ್ರೂ ಮೆಟ್ಕೊಂಡೈತಾ?"

"ಕಾಡಿಗೇಲಿ ದಿಬ್ಬದ ಪುಡಿ ಐತೆ" ಎಂದೆ. "ನನ್ ಮಗಳ ಕಣ್ಣು ಗೀರೋಗೈತೆ. ಮೆಷಿನ್ನಲ್ಲಿ ನೋಡ್ಕೊಂಡ್ ಬಂದೆ."

"ನನ್ ಕಾಡಿಗೇಲಾ?" ಅತ್ತೆಯ ದನಿ ಸಣ್ಣದಾಯಿತು. "ನಲವತ್ ವರ್ಷ ಅಚ್ಚಿದ್ದೀನಿ. ನಿನ್ ಗಂಡಂಗೂ ಅದನ್ನೇ ಅಚ್ಚಿದ್ದು."

"ನಿಮ್ ಕಾಡಿಗೆ ಅಲ್ಲ ಅತ್ತೆ. ತಟ್ಟೆ ತೊಳೆದೋಳು ನಾನು. ಬೂದಿ ಇರ್ಲಿಲ್ಲ. ದಿಬ್ಬದ ಪುಡೀಲಿ ಉಜ್ಜಿದೆ."

ಪುಷ್ಪ ನೀರಿನ ಲೋಟ ತಂದು ನನ್ನ ಪಕ್ಕ ಕೂತಳು. ನಾನು ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಒಂದೇ ಎಳೆತ, ಪ್ರತಿ ಸಲಕ್ಕೂ ಹೊಸ ಹತ್ತಿ. ಕೂಸು ಎಚ್ಚರಾಗಿ ಅಳಲು ಶುರು ಮಾಡಿತು. ಮುಷ್ಟಿ ಬಿಗಿದು, ಹಣೆಯ ನರ ಉಬ್ಬಿಸಿ, ಉಸಿರು ಕಟ್ಟುವ ಹಾಗೆ ಅತ್ತಿತು. ಕಣ್ಣಿನ ಮೂಲೆಯಲ್ಲಿ ಕಪ್ಪು ಸೇರಿಕೊಂಡಿತ್ತು. ಅದನ್ನು ಹೊರಗೆ ತಳ್ಳಲು ಒಳಗಿನಿಂದ ಒಂದು ತೊಟ್ಟು ನೀರು ಬರಲಿಲ್ಲ. ಹೆಂಗಸರೆಲ್ಲ ನೋಡುತ್ತಾ ನಿಂತಿದ್ದರು. ಬಾ, ಬಾ ಎಂದು ನಾನು ಮನಸ್ಸಿನಲ್ಲೇ ಆ ನೀರನ್ನು ಕರೆಯುತ್ತಿದ್ದೆ. ಅದು ಬರುವುದಿಲ್ಲ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ನವ್ಯ ಮೇಡಂಗೆ ಫೋನ್ ಮಾಡಿದೆ. "ಅಂಗಡೀದಲ್ಲ ಮೇಡಂ. ನಮ್ಮನೇದು. ಹನ್ನೊಂದು ದಿನದ ಕೂಸಿಗೆ ಹಚ್ಚಿಬಿಟ್ಟಿದ್ದಾರೆ."

"ಇನ್ನು ಒರೆಸಬೇಡಿ. ಉಜ್ಜಬೇಡಿ. ನೀರು ಬಿಡುತ್ತಾ ಇರಿ, ಈಗಲೇ ಕರ್ಕೊಂಡು ಬನ್ನಿ. ನಾನು ಡಾಕ್ಟರನ್ನ ಕರೆಸ್ತೀನಿ." ಆಮೇಲೆ, "ಬೆಳಿಗ್ಗೇನೇ ನಿಜ ಹೇಳಿದ್ದರೆ, ಇನ್ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಿ ಆಗಲೇ ಅವರಿಗೆಲ್ಲ ಫೋನ್ ಮಾಡಿಸ್ತಿದ್ದೆ ಅಕ್ಕ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪುಷ್ಪಳ ಗಂಡ ಕಾಂತರಾಜ್ ಆಟೋ ತಂದ. ಅವಳು ಮಗುವನ್ನು ಅಪ್ಪಿಕೊಂಡು ಹತ್ತಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನರಸಮ್ಮ ಆಟೋದ ಹಿಂದೆ ಸ್ವಲ್ಪ ದೂರ ಓಡಿದಳು, ಆಮೇಲೆ ಬೀದಿಯ ನಡುವೆ ನಿಂತುಬಿಟ್ಟಳು.

ಮನೆಗೆ ಬಂದೆವು. ಅತ್ತೆ ನೇರ ಹೋಗಿ ನವಿಲು ತಟ್ಟೆಯನ್ನು ತೆಗೆದುಕೊಂಡು ಹೊಸ್ತಿಲ ಮೇಲೆ ಕೂತರು. ಅವರಿಗೆ ಅದು ಕಾಣುವುದಿಲ್ಲ. ಹೆಬ್ಬೆರಳ ಉಗುರನ್ನು ನವಿಲಿನ ಗರಿಯ ಗೆರೆಯಲ್ಲಿ ಇಟ್ಟು ಮೆಲ್ಲಗೆ ಎಳೆದರು. ಉಗುರಿನ ತುದಿಯನ್ನು ಬೆರಳ ನಡುವೆ ತಿಕ್ಕಿದರು. ಮತ್ತೊಂದು ಗೆರೆ. ಮತ್ತೆ ತಿಕ್ಕಿದರು. ಒಂದೊಂದು ಗರಿಯನ್ನೂ ಹಾಗೆ ಮುಟ್ಟಿ ನೋಡಿದರು.

"ಗರ ಗರ ಅಂತೈತೆ" ಎಂದರು.

ನಾನು ಪಕ್ಕದಲ್ಲಿ ಕೂತೆ. ಅವರು ಬೈಯಲಿಲ್ಲ. ತಟ್ಟೆಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡರು.

"ಬರ್ಕೊ" ಎಂದರು. "ಯುಗಾದಿ ಆದ್ಮೇಲೆ ಯಾರ್ಯಾರಿಗ್ ಕೊಟ್ಟೆ ಅಂತ ಯೋಳ್ತೀನಿ. ಬರ್ಕೊ."

ಮಗಳ ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಗಿರಿಯ ಇಬ್ಬರು ಹೆಣ್ಣುಮಕ್ಕಳು. ಅಶ್ವತ್ಥಪ್ಪನ ಮೊಮ್ಮಗ, ಈಗ ಐದು ತಿಂಗಳು. ಹಾಲಿನ ಡೈರಿ ಶ್ರೀರಾಮಪ್ಪನ ಸೊಸೆ, ಬಾಣಂತಿ, ಅವಳಿಗೆ ಎರಡು ಡಬ್ಬಿ. ಮೇಲಿನ ಬೀದಿಯ ಅವಳಿ ಮಕ್ಕಳು. ಅತ್ತೆ ಕಣ್ಣು ಮುಚ್ಚಿಕೊಂಡು ಒಂದೊಂದು ಮಗುವಿನ ಮುಖವನ್ನು ಕೈಯಲ್ಲಿ ಹಿಡಿದು ನೋಡಿದಂತೆ ಹೇಳುತ್ತಾ ಹೋದರು. "ಇನ್ನೊಂದು ಕಾಮಸಮುದ್ರಕ್ ಓಯ್ತು. ಬಸ್ಸಲ್ಲಿ ಬಂದಿದ್ ಎಂಗಸು. ಎಸರು ಕೇಳ್ಲಿಲ್ಲ ನಾನು. ಮಗ್ಳಿಗ್ ಏಳ್ ತಿಂಗ್ಳು ಅಂದ್ಳು." ಆ ಸಾಲಿನ ಮುಂದೆ ನಾನು ಊರಿನ ಹೆಸರು ಮಾತ್ರ ಬರೆದೆ.

ಸಂಜೆಯವರೆಗೆ ಮನೆ ಮನೆ ತಿರುಗಿ ಡಬ್ಬಿಗಳನ್ನು ಕೇಳಿ ತಂದೆ. ಕೆಲವರು ಕೊಟ್ಟರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಮೇಲಿನ ಬೀದಿಯ ಅವಳಿ ಮಕ್ಕಳಲ್ಲಿ ಒಂದು, ನಾನು ಹೋದಾಗ, ಬೆಳಕಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ಕೂತಿತ್ತು.

ಕಾಂತರಾಜ್ ಆರು ಗಂಟೆಗೆ ಫೋನ್ ಮಾಡಿದ. ಕೂಸಿನ ಕಣ್ಣು ತೊಳೆದಿದ್ದಾರೆ, ಎರಡು ದಿನ ಅಲ್ಲೇ ಇಟ್ಟುಕೊಳ್ಳುತ್ತಾರಂತೆ, ಏನೂ ಹೇಳಲಾರೆವು ಅಂದರಂತೆ.

ಮಾರನೆಯ ಬೆಳಿಗ್ಗೆ ಹಾಲು ಕರೆದು, ಅನ್ನಕ್ಕಿಟ್ಟು, ಲಿಖಿತಳಿಗೆ ಜಡೆ ಹಾಕಿದೆ. ಡಾಕ್ಟರ ಬಳಿಗೆ ಹೊರಡಬೇಕಿತ್ತು. ಜಡೆ ಮುಗಿದದ್ದೇ ಅವಳು ಅಭ್ಯಾಸದಂತೆ ತೊಡೆಯ ಮೇಲೆ ಬಂದು ಕೂತಳು. ಮುಖ ಮೇಲೆತ್ತಿದಳು. ಉಸಿರು ಬಿಗಿ ಹಿಡಿದಳು. ನಾನು ಎಷ್ಟು ನೋಯಿಸಿದ್ದರೂ ಮತ್ತೆ ಅದೇ ಮುಖವನ್ನು ನನ್ನ ಕೈಗೆ ತಂದುಕೊಟ್ಟಿದ್ದಳು. ನನ್ನ ಉಂಗುರಬೆರಳು ತಾನಾಗಿ ಮೇಲೆದ್ದಿತ್ತು. ಅದನ್ನು ಮಡಿಚಿ ಹನಿಯ ಬಾಟಲಿ ತೆಗೆದುಕೊಂಡೆ. ಒಂದೊಂದು ಹನಿ ಬಿಟ್ಟೆ. ಉರಿ ಇಳಿಯಲೆಂದು ಕಾದೆ.

"ಬಂಗಾರಿ, ಈಗ ಕಣ್ಣು ಬಿಟ್ಟು ನನ್ನೇ ನೋಡು. ಮಿಟುಕಿಸ್ಬೇಡ. ಅಮ್ಮ ಎಣಿಸ್ತೀನಿ."

ಅವಳು ಬಿಟ್ಟಳು. ಕೆಂಪು ಗೆರೆಗಳ ನಡುವೆ ಕರಿಗುಡ್ಡೆ, ಅದರಲ್ಲಿ ಸಣ್ಣದಾಗಿ ನಾನು, ನನ್ನ ಹಿಂದೆ ಬಾಗಿಲು, ಬಾಗಿಲಾಚೆ ಬಿಳಿ ದಿಬ್ಬ.

"ಒಂದು" ಎಂದೆ. "ಎರಡು."

ಅವಳ ರೆಪ್ಪೆ ನಡುಗಿತು.

"ಮೂರು" ಎಂದು ಹೇಳಲು ಬಾಯಿ ತೆರೆದು ಕಾದೆ.